ಮನೆ ಹಿತ್ತಲಿನ ಹಕ್ಕಿಗಳು: ನಮ್ಮ ದಾವಣಗೆರೆ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ದಾವಣಗೆರೆಯಲ್ಲಿ, ಕುಂದುವಾಡ ಕೆರೆಗೆ ಹತ್ತಿರ. 30-40 ಸೈಟು. ಮನೆ ಕಟ್ಟಿ ಉಳಿದ ಜಾಗದಲ್ಲಿ ಒಂದು ದಾಸವಾಳ, ಒಂದು ಕರಿಬೇವು, ಹಿಂದೆ ನುಗ್ಗೆ, ಗೋಡೆ ಆಚೆ ಪಕ್ಕದವರ ಬೇವಿನ ಮರ. ಅಷ್ಟೇ. ಇಷ್ಟು ಜಾಗದಲ್ಲೇ ಇಲ್ಲಿಯವರೆಗೆ ನಲವತ್ತಕ್ಕೂ ಜಾಸ್ತಿ ಬಗೆಯ ಹಕ್ಕಿ ನೋಡಿದ್ದೇನೆ. ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ ಅಂತ ಗೊತ್ತಾದ ಮೇಲೆ ನಮ್ಮ ಬೀದಿಯವರು, ನೆಂಟರು, ಚಿತ್ರದುರ್ಗದಲ್ಲಿರುವ ಅಕ್ಕನ ಮನೆಯವರು, ಅವರ ಪಕ್ಕದವರು ಎಲ್ಲರೂ ಫೋಟೋ ಕಳಿಸಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕಾಗೆ, ಗುಬ್ಬಿ, ಪಾರಿವಾಳ ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಆ ಮೂರರಿಂದಲೇ. ಹೊಸ ಹಕ್ಕಿ ಕಂಡ ತಕ್ಷಣ ಇದು ಗುಬ್ಬಿಗಿಂತ ಚಿಕ್ಕದಾ, ಗುಬ್ಬಿಯಷ್ಟಾ, ಪಾರಿವಾಳದಷ್ಟಾ, ಕಾಗೆಗಿಂತ ದೊಡ್ಡದಾ ಅಂತ ಕೇಳಿಕೊಳ್ಳಿ. ಇದೊಂದೇ ಪ್ರಶ್ನೆಗೆ ಅರ್ಧ ಕೆಲಸ ಮುಗಿಯುತ್ತದೆ.

ಆಮೇಲೆ ಬಣ್ಣ ನೋಡಬೇಡಿ, ಅದು ಏನು ಮಾಡುತ್ತಿದೆ ನೋಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾಕಂದರೆ ಬಣ್ಣ ಬಿಸಿಲಿಗೆ ಒಂದು ಥರ, ನೆರಳಿಗೆ ಒಂದು ಥರ ಕಾಣುತ್ತದೆ. ಅಭ್ಯಾಸ ಹಾಗೆ ಬದಲಾಗುವುದಿಲ್ಲ. ಕರೆಂಟ್ ತಂತಿ ಮೇಲೆ ಒಂಟಿಯಾಗಿ ಕೂತು, ಚಂಗನೆ ಹಾರಿ ಹುಳ ಹಿಡಿದು, ಮತ್ತೆ ಅದೇ ಜಾಗಕ್ಕೆ ಬಂದು ಕೂರುವ ಕವಲು ಬಾಲದ ಹಕ್ಕಿ ಇದ್ದರೆ ಅದು ಕಾಜಾಣ. ಅಂಗಳದಲ್ಲಿ ಓಡಾಡುತ್ತಾ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುವುದು ಕುಂಡೆಕುಸ್ಕ. ಒಣಗಿದ ಎಲೆಗಳನ್ನು ಗುಂಪಾಗಿ ಮಗುಚಿ ಹಾಕುತ್ತಾ ಜಗಳ ಆಡಿದಂತೆ ಕೂಗುವುದು ಹರಟೆಮಲ್ಲ. ಈ ಮೂರನ್ನೂ ಬಣ್ಣ ಹೇಳದೆಯೇ ಗುರುತು ಹಿಡಿದೆವು, ಅಲ್ವಾ?

ಕಾಗೆಯನ್ನೂ ಇನ್ನೊಂದು ಸಲ ನೋಡಿ. ಕುತ್ತಿಗೆ ಬೂದು ಬಣ್ಣ ಇದ್ದರೆ ಊರು ಕಾಗೆ. ಪೂರ್ತಿ ಕಪ್ಪಗಿದ್ದು ಕೊಕ್ಕು ದಪ್ಪ ಇದ್ದರೆ ಕಾಡು ಕಾಗೆ. ದಿನಾ ನೋಡುವ ಹಕ್ಕಿಯಲ್ಲೇ ಎರಡು ಬಗೆ ಇದೆ.

ಯಾವ ಹೊತ್ತಿನಲ್ಲಿ ನೋಡಬೇಕು?

ಬೆಳಿಗ್ಗೆ 6:30ರಿಂದ 9ರೊಳಗೆ. ಸಂಜೆ 4:30 ಆದ ಮೇಲೆ. ಮಧ್ಯಾಹ್ನ ಹಕ್ಕಿಗಳೂ ನೆರಳು ಹಿಡಿದು ಕೂತಿರುತ್ತವೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತಿರುತ್ತವೆ. ದಿನಾ ಒಂದೇ ಜಾಗದಲ್ಲಿ 15 ನಿಮಿಷ ಕೂತರೆ ಸಾಕು. ನಾನು ಬೆಳಗಿನ ಕಾಫಿ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತೇನೆ. ಮೊದಲ ವಾರ ಹಕ್ಕಿಗಳು ನನ್ನನ್ನು ಕಂಡು ಹಾರಿ ಹೋಗುತ್ತಿದ್ದವು. ಆಮೇಲೆ ಲೆಕ್ಕಕ್ಕೇ ಇಡಲಿಲ್ಲ.

ಬೈನಾಕ್ಯುಲರ್ ಇಲ್ಲದೆ ಆಗುತ್ತಾ?

ಹಿತ್ತಲಿನ ಹಕ್ಕಿಗೆ ಬೇಡವೇ ಬೇಡ. ಕೆರೆ ಕಡೆ ಹೋಗುವ ಆಸೆ ಹುಟ್ಟಿದ ಮೇಲೆ 8x42 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ, ಬೆಳಕು ಚೆನ್ನಾಗಿ ಬರುತ್ತದೆ. 20 ಪಟ್ಟು, 30 ಪಟ್ಟು ಅಂತ ಹೇಳುವುದನ್ನು ಕೊಳ್ಳಬೇಡಿ, ಕೈ ಸ್ವಲ್ಪ ಅಲುಗಿದರೂ ಏನೂ ಕಾಣುವುದಿಲ್ಲ.

ಕ್ಯಾಮೆರಾಗಿಂತ ನೋಟ್‌ಬುಕ್ ಮುಖ್ಯ ಅಂತ ನನ್ನ ಅನಿಸಿಕೆ. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಹಕ್ಕಿಯನ್ನು ನೋಡುವುದೇ ಮರೆತುಹೋಗುತ್ತದೆ.

ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್ ಅಲ್ವಾ?

ಅಲ್ಲ. ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ಬರುವುದು ಸೂರಕ್ಕಿ. ಅದೂ ಒಮ್ಮೊಮ್ಮೆ ಗಾಳಿಯಲ್ಲಿ ನಿಂತಂತೆ ರೆಕ್ಕೆ ಬಡಿಯುತ್ತದೆ, ಆದರೆ ಹೆಚ್ಚಾಗಿ ಹೂವಿನ ತೊಟ್ಟಿಗೋ ಕಡ್ಡಿಗೋ ಕಾಲು ಕೊಟ್ಟು ಕೂತೇ ಮಕರಂದ ಕುಡಿಯುತ್ತದೆ. ದಾಸವಾಳದಂಥ ಉದ್ದ ಹೂವಾದರೆ ಮುಂದಿನಿಂದ ಕೊಕ್ಕು ಹಾಕದೆ ಬುಡಕ್ಕೆ ತೂತು ಮಾಡಿ ಹೀರುವುದೂ ಉಂಟು. ಬಿದ್ದ ಹೂವನ್ನು ಎತ್ತಿ ನೋಡಿ, ಸೂಜಿ ಚುಚ್ಚಿದಷ್ಟು ತೂತು ಕಂಡರೆ ಆ ಕೆಲಸ ಸೂರಕ್ಕಿಯದೇ ಇರಬಹುದು.

ನಮ್ಮ ಹಿತ್ತಲಿಗೆ ಎರಡು ಬಗೆ ಬರುತ್ತವೆ. ಹೊಟ್ಟೆ ಹಳದಿ, ಬೆನ್ನು ಕಂದುಗೆಂಪು, ಗಂಟಲು ಮಿರುಗುವ ನೇರಳೆ ಇದ್ದರೆ ಒಂದು ಬಗೆಯ ಗಂಡು. ಅದರ ಹೆಣ್ಣಿಗೆ ಗಂಟಲು ಬೂದು, ಹೊಟ್ಟೆ ಹಳದಿ. ಇನ್ನೊಂದು ನೇರಳೆ ಸೂರಕ್ಕಿ. ಇದರ ಗಂಡು ನೆರಳಿನಲ್ಲಿ ಇದ್ದಿಲ ತುಂಡಿನ ಹಾಗೆ ಕಪ್ಪು. ಬಿಸಿಲಿಗೆ ಬಂದ ಕೂಡಲೇ ನೀಲಿ, ನೇರಳೆ, ಹಸಿರು ಎಲ್ಲಾ ಹೊಳೆಯುತ್ತವೆ. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಗಂಡು ಆ ಪುಕ್ಕ ಉದುರಿಸಿ ಹೆಣ್ಣಿನ ಹಾಗೆ ಹಳದಿಯಾಗುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಆಗ ಜನ "ಹೊಸ ಹಕ್ಕಿ ಬಂದೈತೆ ನೋಡ್ರಿ" ಅಂತ ಫೋಟೋ ಕಳಿಸುತ್ತಾರೆ. ಹಳೆಯ ನೆಂಟನೇ, ಬಟ್ಟೆ ಬದಲಾಗಿದೆ.

ಇವಕ್ಕಿಂತ ಚಿಕ್ಕದು ಬದನಿಕೆ ಹಕ್ಕಿ. 8 ಸೆಂಟಿಮೀಟರ್ ಉದ್ದ ಅಷ್ಟೇ. ಕೊಕ್ಕು ಗಿಡ್ಡ, ಮೈ ಮಾಸಲು ಬೂದು. ಚಿಕ್ ಚಿಕ್ ಅಂತ ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಮಾವು, ಸಪೋಟ ಮರಗಳ ಮೇಲೆ ಬೆಳೆಯುವ ಬದನಿಕೆಯ ಹಣ್ಣು ತಿಂದು, ಅಂಟು ಅಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಅಂಟಿಸಿ ಹೋಗುವುದು ಇದೇ.

ಕಪ್ಪು ಬಿಳುಪು ಹಕ್ಕಿ ಬೆಳಗಿನ ಜಾವ ಚೆನ್ನಾಗಿ ಹಾಡುತ್ತದೆ. ಯಾವುದು?

ಮಡಿವಾಳ. ಟಿವಿ ಆಂಟೆನಾ, ನೀರಿನ ಟ್ಯಾಂಕು, ಹೀಗೆ ಎತ್ತರದಲ್ಲಿ ಕೂತು ಇನ್ನೂ ಕತ್ತಲಿರುವಾಗಲೇ ಶುರು ಮಾಡುತ್ತದೆ. ಬೇಸಿಗೆಯಲ್ಲಿ ಜಾಸ್ತಿ. ರೆಕ್ಕೆ ಮೇಲೆ ಉದ್ದನೆಯ ಬಿಳಿ ಪಟ್ಟಿ, ಹೊಟ್ಟೆ ಬಿಳಿ. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು ಬಣ್ಣ.

ಚಿತ್ರದುರ್ಗದವರು ಕಳಿಸುವ ಫೋಟೋದಲ್ಲಿ ಹೆಚ್ಚಾಗಿ ಬೇರೆ ಹಕ್ಕಿ ಇರುತ್ತದೆ. ಅದು ಚಿಟ್ಟುಮಡಿವಾಳ. ಬಂಡೆ, ಕಲ್ಲುಗೋಡೆ, ಕುರುಚಲು ಗಿಡ ಇರುವ ಒಣ ನೆಲ ಅದಕ್ಕೆ ಇಷ್ಟ, ದುರ್ಗದಲ್ಲಿ ಇವಕ್ಕೇನು ಕೊರತೆ! ಗಂಡು ಮಿರುಗುವ ಕಪ್ಪು, ಹೊಟ್ಟೆಯೂ ಕಪ್ಪು, ಹೆಗಲ ಹತ್ತಿರ ಒಂದು ಬಿಳಿ ಮಚ್ಚೆ. ಬಾಲ ಯಾವಾಗಲೂ ನೆಟ್ಟಗೆ ಮೇಲಕ್ಕೆ, ಬಾಲದ ಬುಡದಲ್ಲಿ ಇಟ್ಟಿಗೆ ಬಣ್ಣ. ಹೊಟ್ಟೆ ಬಿಳಿಯೋ ಕಪ್ಪೋ ನೋಡಿದರೆ ಗೊಂದಲ ಇಲ್ಲ.

ತಲೆ ಮೇಲೆ ಜುಟ್ಟು, ಬಾಲದ ಕೆಳಗೆ ಕೆಂಪು. ಹೆಸರೇನು?

ಪಿಕಳಾರ. ಬುಲ್‌ಬುಲ್ ಅಂತಲೂ ಕರೆಯುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಜಾಸ್ತಿ ಇರುವುದು ತಲೆ ಕಪ್ಪು, ಗಿಡ್ಡ ಜುಟ್ಟು, ಮೈಮೇಲೆ ಮೀನಿನ ಹುರುಪೆಯಂಥ ಗುರುತು ಇರುವ ಬಗೆ. ಜುಟ್ಟು ಚೂಪಾಗಿದ್ದು, ಕೆನ್ನೆ ಮೇಲೆ ಕೆಂಪು ಮಚ್ಚೆ, ಎದೆ ಬಿಳಿ ಇದ್ದರೆ ಕೆಮ್ಮೀಸೆ ಪಿಕಳಾರ. ಮಲೆನಾಡಿನ ಕಡೆ ಹೋದಂತೆ ಅದು ಹೆಚ್ಚು.

ಹರಟೆಮಲ್ಲ ಮತ್ತು ಗೊರವಂಕ ಎರಡೂ ಕಂದು, ಎರಡೂ ಗಲಾಟೆ. ಹೇಗೆ ಗೊತ್ತಾಗುತ್ತದೆ?

ಗೊರವಂಕ ನಡೆಯುತ್ತದೆ, ಹರಟೆಮಲ್ಲ ಕುಪ್ಪಳಿಸುತ್ತದೆ. ಗೊರವಂಕಕ್ಕೆ ಕಣ್ಣಿನ ಸುತ್ತ ಹಳದಿ ಚರ್ಮ, ಹಾರಿದಾಗ ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ. ಹೆಚ್ಚಾಗಿ ಜೋಡಿಯಾಗಿರುತ್ತದೆ. ಹರಟೆಮಲ್ಲ ಆರೇಳು ಸೇರಿ ಬರುತ್ತವೆ, ಒಂದು ಹಾರಿದರೆ ಉಳಿದವು ಒಂದೊಂದಾಗಿ ಹಿಂದೆ ಹೋಗುತ್ತವೆ.

ಹರಟೆಮಲ್ಲಗಳ ಗುಂಪಿನ ಮೇಲೆ ಕಣ್ಣಿಡಿ. ಚಾತಕ ಹಕ್ಕಿ ಇವುಗಳ ಗೂಡಿನಲ್ಲೇ ಕದ್ದು ಮೊಟ್ಟೆ ಇಡುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಲೆ ಮೇಲೆ ಚೂಪು ಜುಟ್ಟು ಇರುವ ಉದ್ದ ಬಾಲದ ಹಕ್ಕಿ ಕಂಡರೆ ಅದೇ ಚಾತಕ. ಮಳೆಹನಿಗೆ ಬಾಯಿ ತೆರೆದು ಕಾಯುತ್ತದೆ ಅಂತ ನಾವು ಕೇಳಿಕೊಂಡು ಬೆಳೆದದ್ದು ಕಥೆ. ಹಕ್ಕಿ ಮಾತ್ರ ನಿಜ, ನಮ್ಮ ಊರಿನ ಆಸುಪಾಸಿನಲ್ಲೇ ಸಿಗುತ್ತದೆ.

ಕೋಗಿಲೆ ಕೂಗು ಕೇಳುತ್ತದೆ, ಹಕ್ಕಿ ಯಾವತ್ತೂ ಕಂಡಿಲ್ಲ. ಎಲ್ಲಿರುತ್ತದೆ?

ನೀವು ನೋಡಿರುತ್ತೀರಿ, ಕಾಗೆ ಅಂತ ಬಿಟ್ಟಿರುತ್ತೀರಿ. ಗಂಡು ಪೂರ್ತಿ ಕಪ್ಪು, ಕಣ್ಣು ಮಾತ್ರ ಕೆಂಡದಂತೆ ಕೆಂಪು, ಕೊಕ್ಕು ತಿಳಿ ಹಸಿರು. ಹೆಣ್ಣು ಕಂದು ಬಣ್ಣ, ಮೈ ತುಂಬಾ ಬಿಳಿ ಚುಕ್ಕೆ. ಎರಡೂ ಒಂದೇ ಜಾತಿ ಅಂದರೆ ಜನ ನಂಬುವುದೇ ಇಲ್ಲ. ಯುಗಾದಿ ಹತ್ತಿರ ಬಂದಂತೆ ಕುಹೂ ಅಂತ ಸ್ವರ ಏರಿಸುತ್ತಾ ಹೋಗುವುದು ಗಂಡು. ಹೆಣ್ಣಿನದು ಕಿಕ್ ಕಿಕ್ ಕಿಕ್ ಅನ್ನುವ ಒರಟು ಕೂಗು.

ಕರಿಬೇವಿನ ಹಣ್ಣು, ಬೇವಿನ ಹಣ್ಣು ಮಾಗಿದಾಗ ಎಲೆ ಮರೆಯಲ್ಲಿ ಅಲುಗಾಡದೆ ಕೂತು ನುಂಗುತ್ತಿರುತ್ತದೆ. ಆಗ ನೋಡಿ. ಕಾಗೆ ಗೂಡಿನಲ್ಲಿ ಮೊಟ್ಟೆ ಇಡುವುದು ಎಲ್ಲರಿಗೂ ಗೊತ್ತು. ಕಾಗೆಯೊಂದು ತನಗಿಂತ ಬೇರೆ ಥರ ಇರುವ, ಚುಕ್ಕೆ ಚುಕ್ಕೆ ಮರಿಗೆ ತುತ್ತು ಕೊಡುವುದನ್ನು ನಾನು ನೋಡಿದ್ದು ಎರಡೇ ಸಲ, ಎರಡೂ ನಮ್ಮ ಬೀದಿಯ ತೆಂಗಿನ ಮರದಲ್ಲಿ.

ಕೆಂಬೂತ ಕಂಡರೆ ಒಳ್ಳೆಯದು ಅಂತಾರೆ, ನಿಜಾನಾ?

ಕಂಡರೆ ಖುಷಿ, ಅಷ್ಟಂತೂ ನಿಜ. ಕೆಲವು ಕಡೆ ರತ್ನಪಕ್ಷಿ ಅಂತಲೂ ಕರೆಯುತ್ತಾರೆ. ಕಾಗೆ ಗಾತ್ರ, ಕಪ್ಪು ಮೈ, ರೆಕ್ಕೆ ತಾಮ್ರದ ಬಣ್ಣ, ಕೆಂಪು ಕಣ್ಣು. ಬೇಲಿ ಸಾಲಿನಲ್ಲಿ ನೆಲದ ಮೇಲೆ ಗಂಭೀರವಾಗಿ ನಡೆಯುತ್ತದೆ. ಊಪ್ ಊಪ್ ಊಪ್ ಅಂತ ಕೊಡದೊಳಗಿಂದ ಬಂದಂಥ ಸದ್ದು. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದಂತೆ ಅಂತ ಗಾದೆ ಮಾಡಿ ನಾವು ಅದಕ್ಕೆ ಅನ್ಯಾಯ ಮಾಡಿದ್ದೇವೆ ಅನ್ನಿಸುತ್ತದೆ. ಕೋಗಿಲೆ ಕುಟುಂಬದ್ದೇ ಆದರೂ ತನ್ನ ಗೂಡು ತಾನೇ ಕಟ್ಟಿ, ಮರಿ ತಾನೇ ಸಾಕುತ್ತದೆ. ಬಸವನಹುಳ, ಓತಿಕ್ಯಾತ, ಕೀಟ ತಿನ್ನುತ್ತದೆ. ಬೇರೆ ಹಕ್ಕಿಗಳ ಮೊಟ್ಟೆ ಮರಿಯನ್ನೂ ಬಿಡುವುದಿಲ್ಲ.

ಬೆಳವದಲ್ಲಿ ಎಷ್ಟು ಬಗೆ?

ಮನೆ ಹತ್ತಿರ ಮೂರು. ಹಿಂಗುತ್ತಿಗೆಯಲ್ಲಿ ಕಪ್ಪು ಮೇಲೆ ಬಿಳಿ ಚುಕ್ಕೆ ಇದ್ದರೆ ಚುಕ್ಕೆ ಬೆಳವ. ಎಲ್ಲಕ್ಕಿಂತ ಸಣ್ಣದು, ನಸುಗೆಂಪು ತಲೆ, ಎದೆ ಮೇಲೆ ಕಪ್ಪು ಚುಕ್ಕೆ ಇರುವುದು ಒಣ ಸೀಮೆಯ ಕಂದು ಬೆಳವ, ಚಿತ್ರದುರ್ಗ, ಚಳ್ಳಕೆರೆ ಕಡೆ ಎಲ್ಲಿ ನೋಡಿದರೂ ಇದೇ. ತಿಳಿ ಬೂದು ಮೈ, ಕುತ್ತಿಗೆ ಹಿಂದೆ ಕಪ್ಪು ಅರ್ಧ ಉಂಗುರ ಇದ್ದರೆ ಮೂರನೆಯದು.

ಟಕ್ ಟಕ್ ಟಕ್ ಅಂತ ಇಡೀ ಮಧ್ಯಾಹ್ನ ಯಾರೋ ಪಾತ್ರೆ ಬಡಿದಂತೆ ಸದ್ದು. ಹಕ್ಕೀನಾ?

ಹೌದು, ಕಂಚುಕುಟಿಗ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಹಸಿರು ಮೈ, ಹಣೆಯಲ್ಲಿ ಕುಂಕುಮ ಇಟ್ಟಂತೆ ಕೆಂಪು. ಕೂಗುವಾಗ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ, ಅದಕ್ಕೇ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಅರಳಿ, ಆಲ, ಅತ್ತಿ ಮರದ ತುದಿಯ ಒಣ ಕೊಂಬೆಯಲ್ಲಿ ಹುಡುಕಿ.

ಮನೆ ಮೇಲೆ ಗೂಬೆ ಕೂತಿದೆ. ಏನಾದರೂ ಮಾಡಿಸಬೇಕಾ?

ಏನೂ ಬೇಡ. ದಯವಿಟ್ಟು ಕಲ್ಲು ಹೊಡೆಯಬೇಡಿ.

ಎರಡು ಬಗೆ ಊರೊಳಗೆ ಇರುತ್ತವೆ. ಒಂದು ಹಾಲಕ್ಕಿ. ಗೊರವಂಕದ ಗಾತ್ರ, ಗುಂಡು ತಲೆ, ಹಳದಿ ಕಣ್ಣು, ಮೈ ತುಂಬಾ ಬಿಳಿ ಚುಕ್ಕೆ. ಸಂಜೆ ಕತ್ತಲಾಗುವಾಗ ಚಿರ್ ಚಿರ್ ಅಂತ ಎರಡು ಮೂರು ಸೇರಿ ಗದ್ದಲ ಮಾಡುತ್ತವೆ. "ಹಾಲಕ್ಕಿ ನುಡಿತೈತೆ, ಶುಭ ನುಡಿತೈತೆ" ಅಂತ ಬುಡುಬುಡಿಕೆಯವರು ಬಾಗಿಲಿಗೆ ಬಂದು ಹೇಳುತ್ತಿದ್ದರಲ್ಲ, ಅದೇ ಹಾಲಕ್ಕಿ. ನಮ್ಮ ಹಿರಿಯರೇ ಶುಭ ಅಂದ ಹಕ್ಕಿಯನ್ನು ನಾವು ಯಾಕೆ ಓಡಿಸಬೇಕು ಹೇಳಿ.

ಇನ್ನೊಂದು ಕಣಜ ಗೂಬೆ. ಮುಖ ಬೆಳ್ಳಗೆ, ವೀಳ್ಯದೆಲೆ ಆಕಾರ. ಹಾರುವಾಗ ಸದ್ದೇ ಇಲ್ಲ, ಕೂಗಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಹಳೆಯ ಗೋದಾಮು, ಗುಡಿ ಗೋಪುರ, ಪಾಳು ಮನೆಯಲ್ಲಿ ಇರುತ್ತದೆ. ಇದರ ಮುಖ್ಯ ಊಟ ಇಲಿ. ನಮ್ಮ ಊರಲ್ಲಿ ಅಕ್ಕಿ, ಮೆಕ್ಕೆಜೋಳದ ಗೋದಾಮು ಎಷ್ಟಿವೆ ಯೋಚನೆ ಮಾಡಿ. ಕಣಜ ಕಾಯುವ ಹಕ್ಕಿ ಅಂತಲೇ ಆ ಹೆಸರು ಬಂದಿರಬೇಕು. ಮಾಟ ಮಂತ್ರ ಅಂತ ಗೂಬೆ ಹಿಡಿಯುವವರು, ಮಾರುವವರು ಕಂಡರೆ ಅರಣ್ಯ ಇಲಾಖೆಗೆ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಹಾಗಾದರೆ ಗಿಳಿ ಸಾಕುವುದು?

ಅದೂ ಅದೇ ಕಾಯ್ದೆಯಲ್ಲಿ ತಪ್ಪು. ನಮ್ಮ ದೇಶದ ಕಾಡು ಹಕ್ಕಿ ಯಾವುದನ್ನೂ ಪಂಜರದಲ್ಲಿ ಇಡುವಂತಿಲ್ಲ. ಗಿಳಿ, ಗೊರವಂಕ, ರಾಟವಾಳ ಎಲ್ಲಾ ಸೇರಿ. ಪೇರಲ ಗಿಡ ಹಾಕಿ, ಗಿಳಿ ತಾನಾಗಿ ಬರುತ್ತದೆ. ಕುತ್ತಿಗೆಗೆ ಗುಲಾಬಿ ಉಂಗುರ ಇರುವುದು ಬೆಳೆದ ಗಂಡು.

ನಮ್ಮ ಮನೆ ಹತ್ತಿರ ಗುಬ್ಬಿ ಒಂದೂ ಇಲ್ಲ. ಎಲ್ಲಿ ಹೋದವು?

ಮೊದಲಿನ ಮಾಳಿಗೆ ಮನೆಗಳಲ್ಲಿ ಜಂತಿ ಸಂದಿ ಇತ್ತು, ಫೋಟೋ ಹಿಂದೆ ಜಾಗ ಇತ್ತು, ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದೆವು. ಈಗಿನ ಆರ್‌ಸಿಸಿ ಮನೆಯಲ್ಲಿ ಸಂದಿಯೂ ಇಲ್ಲ, ಮೊರವೂ ಇಲ್ಲ. ಇನ್ನೊಂದು ಕಾರಣ ಜನಕ್ಕೆ ಹೊಳೆಯುವುದಿಲ್ಲ. ಗುಬ್ಬಿ ದೊಡ್ಡದಾದ ಮೇಲೆ ಕಾಳು ತಿಂದರೂ ಮರಿಗೆ ಕೊಡುವುದು ಹುಳ. ಮೆತ್ತನೆಯ ಹುಳ ಸಿಗದಿದ್ದರೆ ಮರಿ ಉಳಿಯುವುದಿಲ್ಲ. ಅಂಗಳಕ್ಕೆಲ್ಲಾ ಟೈಲ್ಸ್ ಹಾಕಿದರೆ ಹುಳ ಎಲ್ಲಿಂದ ಬರಬೇಕು?

ಪೂರ್ತಿ ಹೋಗಿಲ್ಲ. ಮಂಡಿಪೇಟೆ ಕಡೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಹೋಗಿ ನೋಡಿ, ಚೆಲ್ಲಿದ ಅಕ್ಕಿಗೆ ಗುಂಪು ಬಿದ್ದಿರುತ್ತದೆ.

ಗೂಡಿನ ಪೆಟ್ಟಿಗೆ ಇಡಬಹುದು. ಮರದ್ದಾದರೆ ಒಳ್ಳೆಯದು. ತೂತು 32ರಿಂದ 38 ಮಿಲಿಮೀಟರ್ ಒಳಗೇ ಇರಲಿ, ದೊಡ್ಡದಾದರೆ ಗೊರವಂಕ ಬಂದು ಸೇರಿಕೊಳ್ಳುತ್ತದೆ. ಎಂಟು ಹತ್ತು ಅಡಿ ಎತ್ತರ, ಮಧ್ಯಾಹ್ನದ ಬಿಸಿಲು ಬೀಳದ ಗೋಡೆ, ಬೆಕ್ಕು ಹತ್ತಲಾಗದ ಜಾಗ. ಫ್ಯಾನ್ ಇರುವ ಕೋಣೆ ಬೇಡ. ಇಟ್ಟ ಮರುದಿನವೇ ಬರಲಿಲ್ಲ ಅಂತ ತೆಗೆಯಬೇಡಿ. ನಮ್ಮ ಅಕ್ಕನ ಮನೆಯಲ್ಲಿ ಎರಡನೇ ವರ್ಷಕ್ಕೆ ಬಂದವು.

ನೀರು, ಕಾಳು ಏನೇನು ಇಡಬಹುದು?

ನೀರು ಮುಖ್ಯ. ಕಾಳು ಇಡದಿದ್ದರೂ ನಡೆಯುತ್ತದೆ, ನೀರು ತಪ್ಪಿಸಬೇಡಿ. ಅಗಲವಾದ ಮಣ್ಣಿನ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಕಲ್ಲು. ಪ್ಲಾಸ್ಟಿಕ್ ಡಬ್ಬಿ ಕತ್ತರಿಸಿ ಇಡುತ್ತಾರೆ, ಅದರ ಅಂಚು ಜಾರುತ್ತದೆ, ಬಿಸಿಲಿಗೆ ನೀರು ಸುಡುತ್ತದೆ. ನೆರಳಿನಲ್ಲಿ ಇಡಿ, ಆದರೆ ಬೆಕ್ಕು ಅಡಗಿ ಕೂರುವಂಥ ಪೊದೆ ಪಕ್ಕದಲ್ಲಿ ಬೇಡ. ದಿನಾ ತೊಳೆದು ಹೊಸ ನೀರು ಹಾಕಿ. ದಿನಾ ಅಂದರೆ ದಿನಾ. ವಾರಗಟ್ಟಲೆ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ, ಹಕ್ಕಿಗಳಿಗೂ ರೋಗ ಅಂಟುತ್ತದೆ.

ಕಾಳಿಗೆ ನವಣೆ, ಸಜ್ಜೆ, ನುಚ್ಚಕ್ಕಿ, ಒಡೆದ ಜೋಳ. ಒಂದು ಹಿಡಿ ಸಾಕು, ಸಂಜೆಗೆ ಉಳಿದದ್ದನ್ನು ಗುಡಿಸಿಬಿಡಿ. ನಮ್ಮ ಊರಲ್ಲಿ ಮಂಡಕ್ಕಿ ಇಲ್ಲದ ಮನೆ ಇಲ್ಲ, ಹಕ್ಕಿಗೂ ಅದನ್ನೇ ಹಾಕುತ್ತಾರೆ. ಉಪ್ಪು ಖಾರ ಹಾಕಿದ ಮಂಡಕ್ಕಿ, ಮಿಕ್ಸ್ಚರ್, ಬಿಸ್ಕತ್ತು, ಬ್ರೆಡ್ಡು ಬೇಡ. ಹಾಲಂತೂ ಬೇಡವೇ ಬೇಡ, ಹಕ್ಕಿಗಳಿಗೆ ಅರಗುವುದಿಲ್ಲ. ಸೂರಕ್ಕಿಗೆ ಸಕ್ಕರೆ ನೀರು ಇಡುವ ಬದಲು ಇನ್ನೊಂದು ಹೂವಿನ ಗಿಡ ಹಾಕಿ.

ಯಾವ ಗಿಡ ಹಾಕಿದರೆ ಹಕ್ಕಿ ಬರುತ್ತವೆ?

ಜಾಗ ಇದ್ದರೆ ಒಂದು ಗಸಗಸೆ ಹಣ್ಣಿನ ಮರ. ಸಣ್ಣ ಕೆಂಪು ಸಿಹಿ ಹಣ್ಣು ಬಿಡುತ್ತದಲ್ಲ, ಮಕ್ಕಳು ಕಿತ್ತು ತಿನ್ನುತ್ತಾರೆ, ಅದು. ಬೇಗ ಬೆಳೆಯುತ್ತದೆ, ಹೆಚ್ಚುಕಮ್ಮಿ ವರ್ಷವಿಡೀ ಹಣ್ಣು. ಪಿಕಳಾರ, ಕೋಗಿಲೆ, ಬದನಿಕೆ ಹಕ್ಕಿ, ಗೊರವಂಕ ಎಲ್ಲಾ ಬರುತ್ತವೆ. ಜಾಗ ಇಲ್ಲದಿದ್ದರೆ ಕರಿಬೇವನ್ನು ಕತ್ತರಿಸದೆ ಒಂದು ಕೊಂಬೆಯನ್ನಾದರೂ ಹಣ್ಣಿಗೆ ಬಿಡಿ. ದಾಸವಾಳ, ನುಗ್ಗೆ, ಪಪ್ಪಾಯಿ, ಪೇರಲ ಎಲ್ಲಾ ಒಳ್ಳೆಯವೇ. ಕುಂಡದಲ್ಲಿ ಬೆಳೆಸುವ ತುಳಸಿ ತೆನೆ ಒಣಗಿದ ಮೇಲೆ ಕೀಳಬೇಡಿ, ಬೀಜಕ್ಕೆ ರಾಟವಾಳ ಬಂದರೂ ಬರಬಹುದು.

ಮೂಲೆಯಲ್ಲಿ ಸ್ವಲ್ಪ ಒಣ ಎಲೆ ರಾಶಿ ಬಿಟ್ಟಿರಿ. ಸುಡಬೇಡಿ. ಹರಟೆಮಲ್ಲಗಳಿಗೆ ಅದೇ ಊಟದ ಮನೆ.

ಗಿಡಕ್ಕೆ ಔಷಧಿ ಹೊಡೆಯಬಹುದಾ?

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ದಾಸವಾಳಕ್ಕೆ ಹಿಟ್ಟು ತಿಗಣೆ ಬಿದ್ದಿತ್ತು. ಅಂಗಡಿಯವರು ಕೊಟ್ಟ ಔಷಧಿ ತಂದು ಎರಡು ಸಲ ಹೊಡೆದೆ. ಪಕ್ಕದ ಬದನೆ ಗಿಡದಲ್ಲಿ ಟುವ್ವಿ ಹಕ್ಕಿಯ ಗೂಡು ಇರುವುದು ನನಗೆ ಗೊತ್ತಿತ್ತು. ಎರಡು ಎಲೆಯ ಅಂಚು ಸೇರಿಸಿ, ಜೇಡರ ಬಲೆಯ ನೂಲು, ಹತ್ತಿ ಎಳೆಯಲ್ಲಿ ಹೊಲಿದ ಗೂಡು, ಒಳಗೆ ಮೂರು ಮರಿ. ಮೂರನೇ ದಿನ ಮರಿಗಳ ಸದ್ದು ನಿಂತಿತು. ಅಪ್ಪ ಅಮ್ಮ ಎರಡೂ ಒಂದು ದಿನ ಪೂರ್ತಿ ಟುವಿ ಟುವಿ ಟುವಿ ಅಂತ ಗಿಡದ ಸುತ್ತ ಕೂಗಿಕೊಂಡು ಓಡಾಡಿದವು. ಟುವ್ವಿ ಮರಿಗೆ ಕೊಡುವುದೇ ನಮ್ಮ ಗಿಡದ ಹುಳ. ಬೇರೆ ಕಾರಣ ಹುಡುಕಲು ನನಗೆ ಮನಸ್ಸು ಬರಲಿಲ್ಲ. ಅವತ್ತಿನಿಂದ ಬೇವಿನ ಎಣ್ಣೆ, ಸೋಪಿನ ನೀರು ಮಾತ್ರ, ಅದೂ ಗೂಡಿಲ್ಲದ ಗಿಡಕ್ಕೆ. ಒಂದಿಷ್ಟು ಎಲೆ ಹುಳಕ್ಕೆ ಹೋಗುತ್ತದೆ. ಹೋಗಲಿ.

ಮರಿ ಕೆಳಗೆ ಬಿದ್ದಿದೆ, ಏನು ಮಾಡಲಿ?

ಮೊದಲು ಪುಕ್ಕ ನೋಡಿ. ಮೈ ತುಂಬಾ ಪುಕ್ಕ ಬಂದು, ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ. ನಾಯಿ ಬೆಕ್ಕು ಇದ್ದರೆ ಎತ್ತಿ ಪೊದೆ ಮೇಲೆ ಕೂರಿಸಿ ದೂರ ಬನ್ನಿ. ಪುಕ್ಕ ಇಲ್ಲದ ಎಳೆಮರಿಯಾದರೆ ಗೂಡಿಗೇ ವಾಪಸ್ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗೂಡೇ ಹರಿದಿದ್ದರೆ ಚಿಕ್ಕ ಬುಟ್ಟಿಗೆ ಒಣ ಹುಲ್ಲು ಹಾಕಿ ಅದೇ ಕೊಂಬೆಗೆ ಕಟ್ಟಿ.

ಬಾಯಿಗೆ ನೀರು ಬಿಡಬೇಡಿ. ಉಸಿರಿನ ಕೊಳವೆಗೆ ಹೋಗಿ ಸಾಯುತ್ತದೆ. ಪ್ರೀತಿಯಿಂದ ಮಾಡುವ ಈ ಕೆಲಸದಲ್ಲೇ ಎಷ್ಟೋ ಮರಿ ಹೋಗುತ್ತವೆ.

ರೆಕ್ಕೆಗೆ ಮಾಂಜಾ ಸುತ್ತಿಕೊಂಡ ಹಕ್ಕಿ ಸಿಕ್ಕರೆ ಎಳೆಯಬೇಡಿ. ಮೇಲೆ ಬಟ್ಟೆ ಮುಚ್ಚಿ, ಕಣ್ಣಿಗೆ ಕತ್ತಲಾದರೆ ಅದು ಸುಮ್ಮನಾಗುತ್ತದೆ, ಆಗ ದಾರವನ್ನು ತುಂಡು ತುಂಡಾಗಿ ಕತ್ತರಿಸಿ, ಪಶು ಆಸ್ಪತ್ರೆಗೆ ಒಯ್ಯಿರಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆಷಾಢದ ಗಾಳಿಗೆ ಮಕ್ಕಳು ಪಟ ಹಾರಿಸಲಿ, ಹತ್ತಿ ದಾರ ಕೊಡಿಸಿ.

ಹಕ್ಕಿಯೊಂದು ದಿನಾ ಬಂದು ಬೈಕಿನ ಕನ್ನಡಿ ಕುಕ್ಕುತ್ತದೆ. ಹುಚ್ಚಾ?

ಕನ್ನಡಿಯಲ್ಲಿ ಕಾಣುವುದು ತನ್ನ ಜಾಗಕ್ಕೆ ನುಗ್ಗಿದ ಬೇರೆ ಹಕ್ಕಿ ಅಂದುಕೊಂಡು ಜಗಳಕ್ಕೆ ನಿಂತಿದೆ. ಕನ್ನಡಿಗೆ ಹಳೆಯ ಸಾಕ್ಸ್ ಹಾಕಿ. ಕಿಟಕಿ ಗಾಜಾದರೆ ಹೊರಗಿನಿಂದ ಪೇಪರ್ ಅಂಟಿಸಿ. ಮರಿ ಮಾಡುವ ಕಾಲ ಮುಗಿದ ಮೇಲೆ ತಾನೇ ನಿಲ್ಲಿಸುತ್ತದೆ.

ಹೆಸರು ಹುಡುಕಲು ಆ್ಯಪ್ ಇದೆಯಾ?

ಮೆರ್ಲಿನ್ ಅಂತ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮಾಡಿದ್ದು, ಉಚಿತ. ಫೋಟೋ ಕೊಟ್ಟರೂ ಹೇಳುತ್ತದೆ, ಕೂಗು ಕೇಳಿಸಿದರೂ ಹೇಳುತ್ತದೆ. ಕೂಗಿನಲ್ಲಿ ಒಮ್ಮೊಮ್ಮೆ ತಪ್ಪುತ್ತದೆ, ಹಾಗಾಗಿ ಕಣ್ಣಿಗೆ ಕಾಣುವವರೆಗೆ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲಿನ ಹಕ್ಕಿ ಎಣಿಸುವ ಕಾರ್ಯಕ್ರಮ ಲೋಕದಾದ್ಯಂತ ನಡೆಯುತ್ತದೆ, ನಮ್ಮ ದೇಶದಲ್ಲಿ 2013ರಿಂದ ಇದೆ. ಕನಿಷ್ಠ 15 ನಿಮಿಷ ನೋಡಿ, ಕಂಡದ್ದನ್ನು ಇ-ಬರ್ಡ್ ಅನ್ನುವ, ಹಕ್ಕಿ ಪಟ್ಟಿ ಹಾಕುವ ವೆಬ್‌ಸೈಟಿನಲ್ಲಿ ಹಾಕಿದರೆ ಆಯಿತು. ಬೆಂಗಳೂರು, ಮೈಸೂರಿನವರು ತುಂಬಾ ಹಾಕುತ್ತಾರೆ. ಜಗಳೂರು, ಹರಪನಹಳ್ಳಿ, ಮೊಳಕಾಲ್ಮೂರು ಕಡೆಯವರೂ ಹಾಕಿ.

ಮಕ್ಕಳಿಗೆ ಹೇಗೆ ಕಲಿಸುವುದು?

ಹೆಸರು ಕಂಠಪಾಠ ಮಾಡಿಸಬೇಡಿ. ಪ್ರಶ್ನೆ ಕೇಳಲು ಬಿಡಿ. 1896ರಲ್ಲಿ ಹುಟ್ಟಿದ ಪಕ್ಷಿ ತಜ್ಞ ಸಲೀಂ ಅಲಿ ಅವರ ಕಥೆ ಹೇಳಿ. ಹುಡುಗನಾಗಿದ್ದಾಗ ಹೊಡೆದ ಗುಬ್ಬಿಯ ಗಂಟಲಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಅಂತ ಕೇಳಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದರು. ಆಮೇಲೆ ಇಡೀ ಜೀವನ ಅದೇ ಕೆಲಸ. ಆ ಹಳದಿ ಗಂಟಲಿನ ಗುಬ್ಬಿ ನಮ್ಮ ಕಡೆಯ ಒಣ ಮರಗಳಲ್ಲೂ ಇದೆ.

ಚಳಿಗಾಲದಲ್ಲಿ ಬರುವ ಹೊಸ ಹಕ್ಕಿಗಳು ಯಾವುವು?

ದಸರಾ ಕಳೆದ ಮೇಲೆ ಹೊನ್ನಕ್ಕಿ ಬರುತ್ತದೆ, ಅರಿಶಿನದಂಥ ಹಳದಿ, ಒಮ್ಮೆ ಕಂಡರೆ ಮರೆಯುವುದಿಲ್ಲ. ಅದೃಷ್ಟ ಇದ್ದರೆ ರಾಜಹಕ್ಕಿ, ಬೆಳ್ಳಿ ರಿಬ್ಬನ್ನಿನಂಥ ಬಾಲ. ಮಧ್ಯ ಏಷ್ಯಾ ಕಡೆಯಿಂದ ಗುಲಾಬಿ ಕಬ್ಬಕ್ಕಿಗಳು ದಂಡು ದಂಡಾಗಿ ಬಂದು ಜೋಳದ ಹೊಲಕ್ಕೆ ಇಳಿಯುತ್ತವೆ, ಸಂಜೆ ಆಕಾಶದಲ್ಲಿ ಹೊಗೆ ಸುರುಳಿಯ ಹಾಗೆ ತಿರುಗುತ್ತವೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಹೊಲದ ಬದಿಯ ತಂತಿ ನೋಡುತ್ತಿರಿ. ನಮ್ಮ ರಾಜ್ಯ ಪಕ್ಷಿ ನೀಲಕಂಠ ಅಲ್ಲಿ ಕೂತಿರುತ್ತದೆ. ಕೂತಾಗ ಮಂಕು ಕಂದು, ರೆಕ್ಕೆ ಬಿಚ್ಚಿದರೆ ನೀಲಿಯೋ ನೀಲಿ.

ಹಿತ್ತಲು ಸಾಲದು ಅನ್ನಿಸಿದಾಗ ಕೊಂಡಜ್ಜಿ ಕೆರೆಗೋ ಜೋಗಿಮಟ್ಟಿಗೋ ಹೋಗಿ.

ವರಾಂಡದ ವೈರಿಗೆ ಸೂರಕ್ಕಿ ಗೂಡು ಕಟ್ಟುತ್ತಿದೆ. ತೆಗೆದು ಬೇರೆ ಕಡೆ ಇಡಬಹುದಾ?

ಬೇಡ. ಜಾಗ ಬದಲಿಸಿದರೆ ಬಿಟ್ಟು ಹೋಗುತ್ತದೆ. ಮೊಟ್ಟೆ ಇಟ್ಟ ಮೇಲೆ ಸುಮಾರು ಎರಡು ವಾರ ಕಾವು, ಆಮೇಲೆ ಎರಡೂವರೆ ವಾರದಲ್ಲಿ ಮರಿ ಹಾರುತ್ತವೆ. ಅಷ್ಟು ದಿನ ಆ ಬಾಗಿಲು ಬಿಟ್ಟು ಇನ್ನೊಂದು ಬಾಗಿಲಿನಲ್ಲಿ ಓಡಾಡಿ. ಫೋಟೋಗೆ ಫ್ಲ್ಯಾಶ್ ಹಾಕಬೇಡಿ, ಎಲೆ ಸರಿಸಬೇಡಿ, ಪದೇ ಪದೇ ಇಣುಕಬೇಡಿ. ನೀವು ಇಣುಕಿದ್ದನ್ನು ಕಾಗೆ ನೋಡುತ್ತಿರುತ್ತದೆ.

ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುವ ವೈರಿನ ತುದಿಗೆ ಕಟ್ಟಿತ್ತು. ಕಟ್ಟುವುದೆಲ್ಲಾ ಹೆಣ್ಣೇ. ಬಚ್ಚಲ ಕಿಟಕಿಯ ಮೂಲೆಗೆ ಬಂದು ಜೇಡರ ಬಲೆಯನ್ನು ಕೊಕ್ಕಿನಿಂದ ಸುತ್ತಿ ಸುತ್ತಿ ಎಳೆಯುತ್ತಿತ್ತು. ಮೊದಲು ಬಲೆಯದೇ ಒಂದು ಎಳೆ ಇಳಿಬಿಟ್ಟಿತು. ಅದಕ್ಕೆ ನಾರು, ತೊಗಟೆ ಚೂರು, ಒಣ ಎಲೆ, ಕಂಬಳಿಹುಳದ ಹಿಕ್ಕೆ ಎಲ್ಲಾ ಅಂಟಿಸುತ್ತಾ ಬಂತು. ದೂರದಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ ಅನ್ನಬೇಕು, ಹಾಗೆ. ಆಮೇಲೆ ಒಳಗೆ ಹೊಕ್ಕು ಎದೆಯಿಂದ ಒತ್ತಿ ಒತ್ತಿ ಗುಂಡಗೆ ಮಾಡಿ, ಎಕ್ಕದ ಬೀಜದ ಹತ್ತಿ ತಂದು ಹಾಸಿತು. ಕೊನೆಗೆ ಬಾಗಿಲ ಮೇಲೆ ಮಳೆ ನೀರು ಒಳಗೆ ಬೀಳದಂತೆ ಒಂದು ಪುಟ್ಟ ಸೂರು. ಮರಿ ಬಂದ ಮೇಲೆ ಗಂಡೂ ಹುಳ ತಂದು ಕೊಟ್ಟಿತು. ಎರಡು ಕೊಕ್ಕು ಆ ಸೂರಿನ ಕೆಳಗಿನಿಂದ ಆಚೆ ಬಂದು ಬಾಯಿ ತೆರೆಯುತ್ತಿದ್ದವು. ಒಂದು ದಿನ ಬೆಳಿಗ್ಗೆ ಕಾಫಿ ಹಿಡಿದು ಬರುವಷ್ಟರಲ್ಲಿ ಒಂದು ದಾಸವಾಳದ ಮೇಲಿತ್ತು, ಇನ್ನೊಂದು ಒಂಬತ್ತು ಗಂಟೆಗೆ ಹಾರಿತು.

ಖಾಲಿ ಗೂಡನ್ನು ಕೀಳಲಿಲ್ಲ. ಹದಿನೈದು ದಿನದ ಮೇಲೆ ಹೆಣ್ಣು ಸೂರಕ್ಕಿ ಮತ್ತೆ ಬಚ್ಚಲ ಕಿಟಕಿಗೆ ಬಂದು ಬಲೆ ಎಳೆಯುತ್ತಿತ್ತು. ಆ ಮೂಲೆಯನ್ನು ನಮ್ಮ ಮನೆಯಲ್ಲಿ ಈಗ ಯಾರೂ ಗುಡಿಸುವುದಿಲ್ಲ.